ಎಳೆಯದಾಗುತ್ತಿರುವ ಬಿಳಿ ಕಾರಿನ ಯಜಮಾನರಿಗೆ

ಇವರ ಸನ್ನಿಧಾನಕ್ಕೆ:
ಶ್ರೀಮಾನ್ ಭಾನುಪ್ರಕಾಶ್ ಅವರು,
ಮಾಲೀಕರು, ಭಾನು ಕಾರ್ ಅರಮನೆ,
ಹಳೇ ಮದ್ರಾಸ್ ರಸ್ತೆ, ಹೊಸಕೋಟೆ.

ವಿಷಯ: ತಮ್ಮ ಅಂಗಳದ ಬಿಳಿ ಕಾಂಪ್ಯಾಕ್ಟ್ ಎಸ್‌ಯುವಿಯ ವಯಸ್ಸು ತಿಂಗಳಿಂದ ತಿಂಗಳಿಗೆ ಇಳಿಯುತ್ತಿರುವ ಬಗ್ಗೆ ಅಭಿನಂದನೆ ಹಾಗೂ ದೂರು.

ಮಾನ್ಯರೇ,

ತಮಗೂ, ತಮ್ಮ ಅಂಗಳದಲ್ಲಿ ಮೈ ತೊಳೆಸಿಕೊಂಡು ಟೈರಿಗೆ ಕಪ್ಪು ಪಾಲಿಶ್ ಬಳಿಸಿಕೊಂಡು ಸಾಲಾಗಿ ಕುಳಿತಿರುವ ಸಮಸ್ತ ಕಾರುಗಳಿಗೂ, ಗೇಟಿನ ಬಳಿ ಹೊಟ್ಟೆಗೆ ಗಾಳಿ ತುಂಬಿಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ಹೋಗಿಬರುವ ಲಾರಿಗಳಿಗೆಲ್ಲ ಬಗ್ಗಿ ನಮಸ್ಕರಿಸುವ ಆ ಪ್ಲಾಸ್ಟಿಕ್ ಬೊಂಬೆಗೂ ನನ್ನ ಅನಂತ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಬಿಳಿ ಕಾರು ಮಾತ್ರ ಕ್ಷೇಮಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ದಿನದಿನಕ್ಕೂ ಎಳೆಯದಾಗುತ್ತಿರುವುದನ್ನು ಕಣ್ಣಾರೆ ಕಂಡು, ಅಭಿನಂದಿಸದೆ ಇರಲಾರದೆ ಈ ಪತ್ರ ಬರೆಯುತ್ತಿದ್ದೇನೆ. ನಾಲ್ಕು ಜನ ಓದಲೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ತಮ್ಮಂಥವರ ಕೀರ್ತಿ ಮುಚ್ಚಿದ ಲಕೋಟೆಯಲ್ಲಿ ಕೊಳೆಯಬಾರದು.

ನಾನು ರೂಪ, ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಅಂಗನವಾಡಿ ಮೇಲ್ವಿಚಾರಕಿ. ಮನೆ ರಾಜಘಟ್ಟದ ಆಚೆಗೆ. ದಿನಕ್ಕೆ ಹತ್ತಾರು ಗಿರಾಕಿಗಳನ್ನು ಕಾಣುವ ತಮಗೆ ಹೆಸರು ಹೊಳೆಯದಿರಬಹುದು. ಎರಡೂವರೆ ತಿಂಗಳ ಹಿಂದೆ ಒಂದು ಭಾನುವಾರ ಗಂಡನನ್ನೂ ಅತ್ತೆಯನ್ನೂ ಕರೆದುಕೊಂಡು ಬಸ್ಸಿನಲ್ಲಿ ಬಂದಿಳಿದು, ತಾವು ಕೊಟ್ಟ ಬಾದಾಮಿ ಹಾಲನ್ನು ಕುಡಿದೂ ತಮ್ಮ ಮಾತನ್ನು ನಂಬದೆ ಹೋದ ಕೃತಘ್ನ ಹೆಂಗಸು ಎಂದರೆ ನೆನಪಾದೀತು.

ನನ್ನ ವ್ಯಾಪ್ತಿಯಲ್ಲಿ ಇಪ್ಪತ್ತಮೂರು ಅಂಗನವಾಡಿಗಳಿವೆ. ಅವುಗಳನ್ನು ಹನ್ನೆರಡು ವರ್ಷ ಸ್ಕೂಟರಿನಲ್ಲಿ ಸುತ್ತಿದೆ. ಕಳೆದ ಆಷಾಢದಲ್ಲಿ ಒಂದು ಬೆಳಿಗ್ಗೆ ಮಕ್ಕಳ ತೂಕದ ಯಂತ್ರವನ್ನು ಹಿಂದೆ ಕಟ್ಟಿಕೊಂಡು ಹೋಗುತ್ತಿದ್ದಾಗ, ಯಾವುದೋ ಟಿಪ್ಪರು ತಿರುವಿನಲ್ಲಿ ಚೆಲ್ಲಿ ಹೋಗಿದ್ದ ಜಲ್ಲಿಯ ಮೇಲೆ ಚಕ್ರ ಜಾರಿತು. ತೂಕದ ಯಂತ್ರಕ್ಕೆ ಏನೂ ಆಗಲಿಲ್ಲ; ಭುಜದ ಬಳಿ ನನ್ನ ಕೊರಳೆಲುಬು ಮುರಿಯಿತು. ನನ್ನ ಹಿಂದೆ ಬರುತ್ತಿದ್ದ ಇನ್ನೊಂದು ಟಿಪ್ಪರು ಬ್ರೇಕು ಹಾಕಿ ನಿಂತಾಗ ಅದರ ಮುಂದಿನ ಚಕ್ರ ನನ್ನ ತಲೆಯಿಂದ ಎರಡು ಮೊಳ ದೂರದಲ್ಲಿತ್ತು. ಆ ಚಕ್ರದ ಗೀರುಗಳನ್ನು ನಾನು ಇವತ್ತಿಗೂ ಕಾಗದದ ಮೇಲೆ ಬಿಡಿಸಿ ತೋರಿಸಬಲ್ಲೆ.

ಆಸ್ಪತ್ರೆಯಿಂದ ಮನೆಗೆ ಬಂದ ದಿನ ನನ್ನ ಅತ್ತೆ ದ್ಯಾವಮ್ಮನವರು ಮಂಚದ ಪಕ್ಕ ಕುಳಿತು ತೀರ್ಪು ಕೊಟ್ಟರು: “ಎರಡು ಚಕ್ರದ ಸಾವಾಸ ಸಾಕು ಕಣಮ್ಮಿ. ಸುತ್ತಲೂ ತಗಡಿರೋದು ಯಾವ್ದಾದ್ರೂ ಒಂದು ತಗೊ.” ಹೀಗಾಗಿ ನಲವತ್ತಾರನೆಯ ವಯಸ್ಸಿನಲ್ಲಿ, ಎಲುಬು ಕೂಡಿಕೊಂಡ ಮೇಲೆ, ನಾನು ಕಾರು ಕಲಿತೆ, ಮೊದಲನೆಯ ಸಲಕ್ಕೇ ಲೈಸೆನ್ಸೂ ಸಿಕ್ಕಿತು. ನನ್ನ ಯಜಮಾನರು ನರೇಶ್, ಮಗ್ಗದ ಕಾರ್ಖಾನೆಯಲ್ಲಿ ಶಿಫ್ಟು ನೋಡಿಕೊಳ್ಳುವವರು, ಕಾರು ಕಲಿಯಲಿಲ್ಲ. ಅದರ ಬದಲು ಮೂರು ತಿಂಗಳು ಮೊಬೈಲಿನಲ್ಲಿ ಕಾರುಗಳ ವಿಡಿಯೋ ನೋಡಿದರು. ಒಂದು ದಿನವೂ ಸ್ಟೀರಿಂಗ್ ಮುಟ್ಟದೆ ಅವರು ಸಂಪಾದಿಸಿದ ಜ್ಞಾನ ಎಷ್ಟಿತ್ತೆಂದರೆ, ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೂ ಅದರ ಟಾರ್ಕಿನ ಬಗ್ಗೆ ಮಾತಾಡುತ್ತಿದ್ದರು. ಹಳ್ಳಿ ರಸ್ತೆಯ ಹಂಪುಗಳಿಗೆ ತಳ ತಾಗಬಾರದು, ಅತ್ತೆಯ ಮಂಡಿಗೆ ಹತ್ತುವುದೂ ಇಳಿಯುವುದೂ ಕಷ್ಟವಾಗಬಾರದು, ನಮ್ಮ ಬೀದಿಯ ತಿರುವಿನಲ್ಲಿ ನುಗ್ಗಬೇಕು. ಇಷ್ಟೆಲ್ಲ ಸೇರಿ ಕಾಂಪ್ಯಾಕ್ಟ್ ಎಸ್‌ಯುವಿ ಎಂದು, ಹೊಸದು ಕೈಗೆಟುಕದ್ದರಿಂದ ಹಳೆಯದೇ ಎಂದು ತೀರ್ಮಾನವಾಯಿತು.

ತಾವು ನಮಗೆ ಎರಡು ಕಾರು ತೋರಿಸಿದಿರಿ. ಒಂದು ಬಿಳಿ, ಒಂದು ಕಂದು. ಬಿಳಿಯದನ್ನು ನೆರಳಿನಲ್ಲಿ, ಕೆಂಪು ರಿಬ್ಬನ್ ಕಟ್ಟಿ, ಒಳಗೆ ಮಲ್ಲಿಗೆಯ ಸೆಂಟು ಹೊಡೆದು ನಿಲ್ಲಿಸಿದ್ದಿರಿ. ಕಂದು ಬಣ್ಣದ್ದು ಆಚೆ ಮೂಲೆಯ ಬಿಸಿಲಿನಲ್ಲಿ, ಬಾಗಿಲಿನ ಮೇಲೊಂದು ಉದ್ದನೆಯ ಗೀರು, ಬಂಪರಿನ ಮೇಲೊಂದು ತಗ್ಗು ಹೊತ್ತು ನಿಂತಿತ್ತು. ಹೆಣ್ಣು ತೋರಿಸುವವರು ಒಬ್ಬಳಿಗೆ ಸೀರೆ ಉಡಿಸಿ ಹಜಾರದಲ್ಲಿ ಕೂರಿಸಿ, ಇನ್ನೊಬ್ಬಳನ್ನು ಪಾತ್ರೆ ತೊಳೆಯುವ ಜಾಗದಲ್ಲೇ ಇರಿಸಿದ ಹಾಗೆ.

ಆಗ ತಾವಾಡಿದ ಮಾತನ್ನು ನಾನು ಅಕ್ಷರಶಃ ಬರೆದಿಟ್ಟುಕೊಂಡಿದ್ದೇನೆ. “ಸರ್, ಈ ಬಿಳಿ ಗಾಡಿ ಡಾಕ್ಟರ್ ಮೇಡಂದು. ಸಿಂಗಲ್ ಓನರ್. ಬರೀ ಭಾನುವಾರ ದೇವಸ್ಥಾನಕ್ಕೆ ತೆಗೀತಿದ್ರು. ಮೂವತ್ತೊಂದು ಸಾವಿರ ಕಿಲೋಮೀಟರ್ ಓಡೈತೆ ಅಷ್ಟೆ. ಆ ಕಂದು ಗಾಡಿನಾ? ತೊಂಬತ್ತೆರಡು ಸಾವಿರ ಸರ್, ನಿಮ್ ಲೆವೆಲ್‌ಗಲ್ಲ ಅದು.” ಇಷ್ಟನ್ನೂ ತಾವು ನನ್ನ ಗಂಡನ ಮುಖ ನೋಡಿಕೊಂಡೇ ಹೇಳಿದಿರಿ. ಬಿಳಿ ಕಾರಿನ ಕೀಯನ್ನೂ ಅವರ ಕೈಗೇ ಕೊಟ್ಟು ನನಗೆ ಹೇಳಿದಿರಿ: “ಮೇಡಂ, ನೀವು ಹಿಂದೆ ಆರಾಮಾಗಿ ಕೂತ್ಕೊಳ್ಳಿ. ಸರ್ ಒಂದು ರೌಂಡ್ ಹೊಡೀತಾರೆ.”

ಸರ್ ಕೀಯನ್ನು ಬಿಸಿ ಬೋಂಡದಂತೆ ಆ ಕೈಯಿಂದ ಈ ಕೈಗೆ ಎರಡು ಸಲ ಬದಲಿಸಿ, ಕೊನೆಗೆ ನನ್ನ ಕೈಗೆ ಹಾಕಿದರು. “ನಂಗೆ ಬರಲ್ಲ. ಅವಳೇ ಓಡ್ಸೋದು” ಎಂದರು. ತಮ್ಮ ಮುಖದ ನಗು ಹೋಗಿ ಬಂದ ಆ ಗಳಿಗೆ ನನ್ನ ಬದುಕಿನ ಮರೆಯಲಾಗದ ಗಳಿಗೆಗಳಲ್ಲಿ ಒಂದು. ಅದಕ್ಕಾಗಿ ಪ್ರತ್ಯೇಕವಾಗಿ ಕೃತಜ್ಞತೆ ಸಲ್ಲಿಸುತ್ತೇನೆ.

ಬಿಳಿ ಕಾರು ಚೆನ್ನಾಗಿ ಓಡಿತೆಂದು ಒಪ್ಪಿಕೊಳ್ಳಬೇಕು. ನರೇಶ್ ಅವರು ಅದರ ಮೇಲ್ಛಾವಣಿಯ ಗಾಜು ತೆರೆಯುವ ಗುಂಡಿ ಒತ್ತಿ, ಸರ್ವಿಸ್ ರಸ್ತೆಯುದ್ದಕ್ಕೂ ಆಕಾಶ ನೋಡುತ್ತ ಕುಳಿತರು. ಐವತ್ತು ವರ್ಷ ಅದೇ ಆಕಾಶದ ಕೆಳಗೆ ಓಡಾಡಿದ ಮನುಷ್ಯ, ಒಂದು ಚೌಕಟ್ಟಿನೊಳಗಿಂದ ಕಂಡ ಕೂಡಲೇ ಅದಕ್ಕೆ ಮನಸೋತುಬಿಟ್ಟರು. “ಇದೇ ಇರ್ಲಿ ರೂಪ” ಎಂದು ಮೂರು ಸಲ ಹೇಳಿದರು.

ಹಿಂದಿನ ಸೀಟಿನಲ್ಲಿ ಅತ್ತೆ ಮೂಗರಳಿಸಿ ವಾಸನೆ ನೋಡುತ್ತಿದ್ದರು. ತಮಗೆ ತಿಳಿಯದ ಸಂಗತಿ ಇದು: ದ್ಯಾವಮ್ಮನವರು ನಲವತ್ತು ವರ್ಷ ರೇಷ್ಮೆ ಹುಳು ಸಾಕಿದವರು. ಹುಳುಮನೆಯ ಬಾಗಿಲಲ್ಲಿ ನಿಂತು, ಒಳಗೆ ಯಾವ ತಟ್ಟೆಯಲ್ಲಿ ರೋಗ ಬಿದ್ದಿದೆಯೆಂದು ವಾಸನೆಯಲ್ಲೇ ಹೇಳುತ್ತಿದ್ದವರು. ಅಂಥವರನ್ನು ಎರಡು ರೂಪಾಯಿಯ ಮಲ್ಲಿಗೆ ಸೆಂಟಿನಿಂದ ಗೆಲ್ಲಬಹುದೆಂದು ನಂಬಿದ ತಮ್ಮ ಆತ್ಮವಿಶ್ವಾಸಕ್ಕೆ ನಾನು ತಲೆಬಾಗುತ್ತೇನೆ.

ಕಾರು ಅಂಗಳಕ್ಕೆ ವಾಪಸ್ ಬಂದು ನಿಂತಾಗ ಅತ್ತೆ ಇಳಿಯಲಿಲ್ಲ. “ಇದ್ರಾಗೆ ಗೂಡು ಸಾಗ್ಸವ್ರೆ ಕಣ್ಲಾ ನರೇಸ” ಎಂದರು. ತಾವು ನಕ್ಕು, “ಅಮ್ಮಾ, ಡಾಕ್ಟ್ರು ಗಾಡಿ ಅಲ್ವಾ, ಔಷಧಿ ವಾಸ್ನೆ ಇರುತ್ತೆ” ಎಂದಿರಿ. ಅತ್ತೆ ಸೀಟಿನ ಬೆನ್ನಿಗೂ ತಳಕ್ಕೂ ನಡುವಿನ ಸಂದಿಗೆ ಬೆರಳು ತೂರಿಸಿ, ಒಂದಿಷ್ಟು ತಡಕಿ, ಹಳದಿ ಬಣ್ಣದ ಒಂದು ರೇಷ್ಮೆಗೂಡನ್ನು ಹೊರತೆಗೆದರು. ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಒಣಗಿದ ಹುಳು ಕಡಲೆಕಾಳಿನಂತೆ ಸದ್ದು ಮಾಡಿತು. “ನಿಮ್ ಡಾಕ್ಟ್ರಮ್ಮನ ರೋಗಿ ಏನಪ್ಪಾ ಇದು?” ಎಂದು ಕೇಳಿ ತಮ್ಮ ಅಂಗೈಯಲ್ಲಿಟ್ಟರು.

ಡಾಕ್ಟರಮ್ಮನವರಿಗೆ ರೇಷ್ಮೆ ಸೀರೆಯ ಮೇಲೆ ಬಹಳ ಆಸೆಯೆಂದು ತಾವು ತಕ್ಷಣ ಕೊಟ್ಟ ವಿವರಣೆ ಅದ್ಭುತವಾಗಿತ್ತು. ಸೀರೆಯನ್ನು ಗೂಡಿನಿಂದಲೇ ತಯಾರಿಸಿಕೊಳ್ಳುವ ವೈದ್ಯರು ನಮ್ಮ ಜಿಲ್ಲೆಯಲ್ಲಿರುವುದು ಹೆಮ್ಮೆಯ ವಿಷಯ.

ಆರ್.ಸಿ. ಕೇಳಿದಾಗ ಅದು ವರ್ಗಾವಣೆಗೆ ಹೋಗಿದೆ ಎಂದಿರಿ. ನರೇಶ್ ಮೊಬೈಲಿನಲ್ಲಿ ನಂಬರು ಹಾಕಿ ನೋಡಿದರೆ, ಮಾಲೀಕರ ಹೆಸರಿನ ಜಾಗದಲ್ಲಿ ‘ಪಿ’ ಎಂಬ ಒಂದಕ್ಷರವೂ ಅದರ ಹಿಂದೆ ನಕ್ಷತ್ರಗಳ ಸಾಲೂ ಕಂಡವು. “ಅದೇ ಸರ್, ಪ್ರಿಯಾ ಮೇಡಂ!” ಎಂದು ತಾವು ಸಂಭ್ರಮಿಸಿದಿರಿ. ನನ್ನ ಗಂಡನೂ ಸಂಭ್ರಮಿಸಿದರು. ಆದರೆ ಮಾನ್ಯರೇ, ನಾನು ಹೊಟ್ಟೆಪಾಡಿಗೆ ಮಾಡುವ ಕೆಲಸವೇ ಹಾಜರಿ ಪುಸ್ತಕ ನೋಡುವುದು. ಊರಿಗೆ ಊರೇ ಮದುವೆಗೆ ಹೋದ ದಿನವೂ ಮೂವತ್ತೆಂಟು ಮಕ್ಕಳು ಹಾಜರೆಂದು ಬರೆದ ಪುಸ್ತಕಗಳನ್ನು ನಾನು ನೋಡಿದ್ದೇನೆ. ಪುಸ್ತಕ ಎಷ್ಟು ಶುಭ್ರವಾಗಿದೆಯೋ ಅಷ್ಟು ಬೇಗ ಅಡುಗೆಮನೆಗೆ ಹೋಗಿ ಪಾತ್ರೆ ನೋಡಬೇಕು. ಆದ್ದರಿಂದ ನಾನು ಬಾನೆಟ್ ತೆಗೆಸಿದೆ. ತಾವು ಇಂಜಿನ್ನಿಗೂ ಪಾಲಿಶ್ ಹಾಕಿಸಿದ್ದಿರಿ. ಗಾಳಿ ಸೋಸುವ ಫಿಲ್ಟರಿನ ಡಬ್ಬಿಯ ಮುಚ್ಚಳ ಬಿಚ್ಚಿದರೆ, ಅದರ ಒಳಮೈಯಲ್ಲಿ ಯಾರೋ ಮೆಕ್ಯಾನಿಕ್ ಮಾರ್ಕರಿನಲ್ಲಿ ತಾರೀಖು ಬರೆದು, ಪಕ್ಕದಲ್ಲಿ ‘1,38,400’ ಎಂದು ಗುರುತು ಹಾಕಿಕೊಂಡಿದ್ದ. ಕೆಳಗೆ ದೇವನಹಳ್ಳಿ ಹತ್ತಿರದ ವಿಜಯಪುರದ ಗ್ಯಾರೇಜಿನ ಫೋನ್ ನಂಬರಿನ ಸಣ್ಣ ಚೀಟಿ. ತಾವು ಆ ಕಡೆ ಬೊಂಬೆಗೆ ಗಾಳಿ ಕಡಿಮೆಯಾಯಿತೆಂದು ಓಡಿದಾಗ ನಾನು ಫೋಟೋ ತೆಗೆದುಕೊಂಡೆ.

ಆ ಭಾನುವಾರ ನಾವು ಏನನ್ನೂ ಕೊಳ್ಳದೆ ಹೋದೆವು. ದೇವನಹಳ್ಳಿಯವರೆಗೆ ನರೇಶ್ ಮೊಬೈಲಿನಲ್ಲಿ ಬಿಳಿ ಕಾರಿನ ಫೋಟೋ ನೋಡುತ್ತಲೇ ಇದ್ದರು. “ಎಲ್ಲಾದ್ರಲ್ಲೂ ಹುಳುಕು ಹುಡುಕೋದೇ ಆಯ್ತು ನಿಂದು” ಎಂದು ಒಮ್ಮೆ ಮಾತ್ರ ಗೊಣಗಿದರು. ನಾನು ಬಸ್ಸಿನಿಂದಲೇ ವಿಜಯಪುರದ ಗ್ಯಾರೇಜಿಗೆ ಫೋನ್ ಮಾಡಿದೆ. ಮೆಕ್ಯಾನಿಕ್ ಶ್ರೀಧರ್ ಎಂಬುವವರು, ನಾನು ಕಾರಿನ ನಂಬರ್ ಹೇಳಿ ಮುಗಿಸುವುದರೊಳಗೆ, “ಅಯ್ಯೋ, ಅದು ಪಿಳ್ಳಪ್ಪಣ್ಣನ ಗಾಡಿ ಅಲ್ವಾ ಮೇಡಂ? ಹೆಂಗೈತೆ, ಓಡ್ತೈತಾ ಇನ್ನೂ?” ಎಂದರು.

ಹೀಗೆ ನಾವು ಮರುದಿನ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿ, ತಮ್ಮ ಡಾಕ್ಟರ್ ಪ್ರಿಯಾ ಮೇಡಂ ಅವರ ದರ್ಶನ ಪಡೆದೆವು. ಅರವತ್ತೈದರ ವಯಸ್ಸು, ದಪ್ಪ ಮೀಸೆ, ಹೆಗಲ ಮೇಲೆ ಟವೆಲ್ಲು, ಹೆಸರು ಪಿಳ್ಳಪ್ಪ. ಹಿಪ್ಪುನೇರಳೆ ತೋಟದ ಬದುವಿನಲ್ಲಿ ನಿಂತಿದ್ದರು. ಸುತ್ತಲ ಊರಿನವರ ಗೂಡನ್ನೆಲ್ಲ ಆ ಕಾರಿನಲ್ಲಿ ತುಂಬಿಕೊಂಡು ಏಳು ವರ್ಷ ಮಾರುಕಟ್ಟೆಗೆ ಸಾಗಿಸಿದವರು. ತಾವು ಸಂಪೂರ್ಣ ಸುಳ್ಳು ಹೇಳಿರಲಿಲ್ಲವೆಂದು ಅಲ್ಲಿ ಗೊತ್ತಾಗಿ ನನಗೆ ನಾಚಿಕೆಯಾಯಿತು: ಹುಳುವಿನ ರೋಗ ಗುರುತಿಸುವುದರಲ್ಲಿ ಅವರದು ಎತ್ತಿದ ಕೈಯಾದ್ದರಿಂದ ಊರವರು ಅವರನ್ನು ‘ಹುಳದ ಡಾಕ್ಟ್ರು’ ಎಂದೇ ಕರೆಯುತ್ತಾರೆ.

ಪಿಳ್ಳಪ್ಪನವರು ಮದುವೆ ಮಾಡಿಕೊಟ್ಟ ಮಗಳ ಸುದ್ದಿ ಕೇಳುವಂತೆ ಕಾರಿನ ಸುದ್ದಿ ಕೇಳಿದರು. ಮಳೆಗೆ ನೆನೆಯುತ್ತಿದೆಯೇ, ಹಿಂದಿನ ಬಾಗಿಲು ಇನ್ನೂ ಹಟ ಮಾಡುತ್ತದೆಯೇ ಎಂದು ವಿಚಾರಿಸಿದರು. ಮೀಟರಿನಲ್ಲಿ ಮೂವತ್ತೊಂದು ಸಾವಿರವೆಂದು ಹೇಳಿದಾಗ ಅವರಿಗೆ ಅರ್ಥವಾಗಲಿಲ್ಲ. “ನಾನು ಕೊಡೋವಾಗ ಒಂದು ಲಕ್ಷದ ನಲವತ್ತಾರು ಸಾವ್ರ ಆಗಿತ್ತಲ್ಲಮ್ಮ” ಎಂದು ಬೆರಳು ಮಡಚಿದರು. ಆಮೇಲೆ ನಿಧಾನವಾಗಿ ಕೇಳಿದರು: “ಬಲೂನಿನ ವಿಷ್ಯ ಹೇಳಿದ್ರಾ ನಿಮ್ಗೆ?”

ಹೇಳಿರಲಿಲ್ಲ. ಪಿಳ್ಳಪ್ಪನವರು ಹೇಳಿದರು. ಎರಡು ವರ್ಷದ ಹಿಂದೆ ಸೂಲಿಬೆಲೆ ರಸ್ತೆಯಲ್ಲಿ ಒಂದು ಕ್ಯಾಂಟರ್ ಎದುರಿಗೆ ಬಂದು ಗುದ್ದಿತ್ತು. ಮುಂದಿನ ಎರಡೂ ಏರ್‌ಬ್ಯಾಗು ಉಬ್ಬಿಕೊಂಡು ಹೊರಬಂದವು. “ಅದಿಲ್ದಿದ್ರೆ ನಾನಿವತ್ತು ಫೋಟೋದಾಗಿರ್ತಿದ್ದೆ” ಎಂದರು. ಹೊಸದು ಹಾಕಿಸಲು ತುಂಬ ಖರ್ಚೆಂದು ಹಾಗೇ ಓಡಿಸಿಕೊಂಡಿದ್ದು, ಮಾರುವಾಗ ತಮ್ಮ ಕಾರ್ ಅರಮನೆಯ ಕಡೆಯ ದಲ್ಲಾಳಿಗೆ ಬಾಯಿಬಿಟ್ಟು ಹೇಳಿ, ಅದಕ್ಕೆ ತಕ್ಕಂತೆ ಕಡಿಮೆಗೇ ಕೊಟ್ಟಿದ್ದರು. “ಕೀ ತಿರುಗ್ಸಿದಾಗ ಬಲೂನಿನ ಕೆಂಪು ದೀಪ ಹತ್ಕೊಂಡು ಆರ್ಬೇಕು ತಾಯಿ. ನಂದ್ರಾಗೆ ಆರ್ತಾನೇ ಇರ್ಲಿಲ್ಲ. ನೀನು ನೋಡ್ದಾಗ ಹೆಂಗಿತ್ತು?” ಎಂದು ಕೇಳಿದರು.

ನಾನು ನೋಡಿದಾಗ ಆ ದೀಪ ಹತ್ತಿಯೇ ಇರಲಿಲ್ಲ. ತಾವು ಅದರ ಬಾಯಿಯನ್ನೇ ಮುಚ್ಚಿಸಿದ್ದಿರಿ.

ವಾಪಸ್ ಬರುವ ಬಸ್ಸಿನಲ್ಲಿ ನರೇಶ್ ಕಿಟಕಿಯ ಪಕ್ಕ ಕುಳಿತಿದ್ದರು. ಆಕಾಶ ಬೇಕಾದಷ್ಟು ಕಾಣುತ್ತಿತ್ತು, ಅವರು ನೋಡಲಿಲ್ಲ. ದೇವನಹಳ್ಳಿ ದಾಟಿದ ಮೇಲೆ, “ಭುಜ ಇನ್ನೂ ನೋಯುತ್ತಾ?” ಎಂದು ಕೇಳಿದರು. ಎಲುಬು ಕೂಡಿ ಏಳು ತಿಂಗಳಾಗಿತ್ತು. ಅಷ್ಟು ದಿನದಲ್ಲಿ ಅವರು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು. “ಮೋಡ ಆದ್ರೆ ನೋಯುತ್ತೆ” ಎಂದೆ. ಅವರು ತಲೆಯಾಡಿಸಿ, ನನ್ನ ಮಡಿಲಿನಲ್ಲಿದ್ದ ಬ್ಯಾಗನ್ನು ತೆಗೆದು ತಮ್ಮ ಮಡಿಲಿಗೆ ಇಟ್ಟುಕೊಂಡರು. ಈ ಒಂದು ವಿಷಯದಲ್ಲಿ ತಮಗೆ ನಾನು ನಿಜವಾಗಿಯೂ ಋಣಿ. ಇಲ್ಲಿ ವ್ಯಂಗ್ಯವಿಲ್ಲ, ದಯವಿಟ್ಟು ಹುಡುಕಬೇಡಿ.

ಮುಂದಿನ ಭಾನುವಾರ ನಾವು ಮತ್ತೆ ಬಂದೆವು. ಒಂದು ಸಲ ಕಾರನ್ನು ನೋಡಿ ಹೋಗುತ್ತೇನೆಂದು ಪಿಳ್ಳಪ್ಪನವರೂ ಜೊತೆಗೆ ಬಂದರು. ತಾವು ಅವರನ್ನು ಎಂದೂ ಕಂಡವರಲ್ಲ; ವ್ಯವಹಾರ ದಲ್ಲಾಳಿಯ ಮೂಲಕ ಆಗಿತ್ತು. ಅವರು ನಮ್ಮ ಮಾವನಿರಬೇಕೆಂದು ಭಾವಿಸಿ ತಾವು ಅವರನ್ನು ಕೈಹಿಡಿದು ಬಿಳಿ ಕಾರಿನ ಬಳಿಗೆ ಕರೆದೊಯ್ದಿರಿ.

“ಯಜಮಾನ್ರೇ, ಚಿನ್ನದಂಥ ಗಾಡಿ. ಡಾಕ್ಟರ್ ಮೇಡಂದು.”

“ಹೌದಾ ಸ್ವಾಮಿ?” ಎಂದರು ಪಿಳ್ಳಪ್ಪ. “ಆಯಮ್ಮ ಹೆಂಗವ್ರೆ ಈಗ?”

“ಚೆನ್ನಾಗಿದಾರೆ. ನಿನ್ನೆ ತಾನೆ ಫೋನ್ ಮಾಡಿದ್ರು. ಗಾಡಿ ಒಳ್ಳೆ ಕುಟುಂಬಕ್ಕೇ ಹೋಗ್ಬೇಕು ಭಾನು ಅಂತ ಅತ್ತುಬಿಟ್ರು ಪಾಪ.”

“ಅತ್ತಿದ್ದು ದಿಟ” ಎಂದರು ಪಿಳ್ಳಪ್ಪ. ಹಿಂದಿನ ಬಾಗಿಲನ್ನು ತಾವು ಎರಡು ಸಲ ಎಳೆದರೂ ತೆರೆಯದಿದ್ದಾಗ, ಅವರು ತಮ್ಮನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ನಂಬರ್ ಪ್ಲೇಟಿನ ಬಲಗಡೆಗೆ ಮೊಣಕಾಲಿನಿಂದ ಒಂದು ತಟ್ಟು ತಟ್ಟಿದರು. ಬಾಗಿಲು ತಾನಾಗಿ ಮೇಲೆದ್ದಿತು. “ಏಳು ವರ್ಸದಿಂದ ಹಿಂಗೇನೆ ಸ್ವಾಮಿ ಇದು” ಎಂದರು. ತಮ್ಮ ಮುಖ ಆಗ ಯಾವ ಬಣ್ಣಕ್ಕೆ ತಿರುಗಿತೆಂದರೆ, ಅಂಗಳದ ಅಷ್ಟೂ ಕಾರುಗಳಲ್ಲಿ ಒಂದಕ್ಕೂ ಆ ಬಣ್ಣವಿರಲಿಲ್ಲ.

ನಾನು ಎರಡೂ ಕಾರಿನ ಕೀ ಕೇಳಿ ಪಡೆದೆ. ಕಂದು ಕಾರಿನಲ್ಲಿ ಕೀ ತಿರುಗಿಸಿದರೆ ಕೆಂಪು ದೀಪ ಹತ್ತಿ, ಐದಾರು ಎಣಿಸುವುದರೊಳಗೆ ಆರಿತು. ಬಿಳಿಯದರಲ್ಲಿ ಏನೂ ಇಲ್ಲ. ಏರ್‌ಬ್ಯಾಗ್ ಎಲ್ಲಿ ಎಂದು ನೇರವಾಗಿ ಕೇಳಿದೆ. ಆಗ ತಾವು ಹೇಳಿದ ಮಾತು, ಈ ಪತ್ರದ ನಿಜವಾದ ಕಾರಣ, ಇದು: “ಮೇಡಂ, ಬಲೂನು ಯಾರು ನೋಡಕ್ಕೋಗ್ತಾರೆ? ಗುದ್ದಿದ್ರೆ ತಾನೆ ಅದು ಬೇಕಾಗೋದು. ನೀವ್ಯಾಕೆ ಗುದ್ದುತೀರಾ?”

ನರೇಶ್ ಸಾಮಾನ್ಯವಾಗಿ ಯಾರ ಮೇಲೂ ದನಿ ಏರಿಸುವವರಲ್ಲ. ಅವತ್ತು ತಮ್ಮ ಎದುರು ನಿಂತು, “ಅವಳು ಜಲ್ಲಿ ಮೇಲೆ ಬಿದ್ದಾಗ್ಲೂ ಬೀಳ್ಬೇಕು ಅಂತ ಬಿದ್ದಿರ್ಲಿಲ್ಲ ಕಣ್ರೀ” ಎಂದರು. ಅತ್ತೆ ಹೋಗಿ ಮಗನ ಬೆನ್ನಿನ ಮೇಲೆ ಕೈಯಿಟ್ಟು, “ಬುಡ್ಲಾ, ಆ ಕಡೆಯದು ನೋಡನ ಬಾ” ಎಂದು ಕಂದು ಕಾರಿನ ಕಡೆ ಕರೆದುಕೊಂಡು ಹೋದರು.

ಕಂದು ಕಾರಿನ ಡ್ರಾಯರಿನಲ್ಲಿ ಮೊದಲ ದಿನದಿಂದ ತೊಂಬತ್ತೆರಡು ಸಾವಿರದವರೆಗಿನ ಸರ್ವಿಸ್ ಪುಸ್ತಕ ಹಾಗೇ ಇತ್ತು. ಅದನ್ನು ಬಚ್ಚಿಡುವಷ್ಟು ಗೌರವವನ್ನೂ ತಾವು ಆ ಬಡಪಾಯಿಗೆ ಕೊಟ್ಟಿರಲಿಲ್ಲ. ಶ್ರೀಧರ್ ಅವರನ್ನು ಕರೆಸಿ ನೋಡಿಸಿದೆವು. ಕೆಳಗೆ ತೂರಿ, ಮೇಲೆ ತಟ್ಟಿ, ಒಂದು ಸುತ್ತು ಓಡಿಸಿ, “ಗಾಯ ಎಲ್ಲಾ ಹೊರಗಡೆ ಮೇಡಂ, ಒಳಗಡೆ ಗಟ್ಟಿ ಐತೆ” ಎಂದರು. ಅದನ್ನೇ ಕೊಂಡೆವು. ನನ್ನ ಹೆಸರಿನಲ್ಲಿ. ಸಹಿ ಹಾಕುವಾಗ ತಾವು ಅಭ್ಯಾಸಬಲದಿಂದ ಪೆನ್ನನ್ನು ಸರ್ ಕೈಗೆ ಕೊಟ್ಟಿರಿ. ಅವರು ಅದನ್ನು ನನಗೆ ದಾಟಿಸಿದರು.

ಇಲ್ಲಿಗೆ ಎಲ್ಲವೂ ಸುಖವಾಗಿ ಮುಗಿಯಬೇಕಿತ್ತು. ಮುಗಿಯದಿರಲು ಕಾರಣ ಕಳೆದ ಶುಕ್ರವಾರ. ಇಲಾಖೆಯ ಕೆಲಸದ ಮೇಲೆ ಹೊಸಕೋಟೆಗೆ ಬಂದಿದ್ದವಳು ತಮ್ಮ ಅರಮನೆಯ ಮುಂದೆ ಹಾದುಹೋಗುವಾಗ, ಅದೇ ಬಿಳಿ ಕಾರು ಹೊಸ ರಿಬ್ಬನ್ ಕಟ್ಟಿಕೊಂಡು ನಿಂತಿರುವುದನ್ನೂ, ಅದರ ಗಾಜಿನ ಮೇಲೆ ‘ಬ್ಯಾಂಕ್ ಮ್ಯಾನೇಜರ್ ಮೇಡಂ ಬಳಸಿದ್ದು, 24,000 ಕಿ.ಮೀ. ಮಾತ್ರ’ ಎಂದು ಬರೆದಿರುವುದನ್ನೂ ಕಂಡೆ.

ಮಾನ್ಯರೇ, ಎರಡೂವರೆ ತಿಂಗಳಲ್ಲಿ ಏಳು ಸಾವಿರ ಕಿಲೋಮೀಟರ್ ಹಿಂದಕ್ಕೆ! ನಿಂತಲ್ಲೇ ನಿಂತು! ಋಷಿಮುನಿಗಳು ಒಂಟಿಕಾಲಿನಲ್ಲಿ ನಿಂತು ಸಾಧಿಸಲಾಗದ್ದನ್ನು ತಮ್ಮ ಕಾರು ನಾಲ್ಕು ಕಾಲಿನಲ್ಲಿ ನಿಂತು ಸಾಧಿಸಿದೆ. ಇದೇ ವೇಗದಲ್ಲಿ ಸಾಗಿದರೆ ವರ್ಷ ತುಂಬುವುದರೊಳಗೆ ಅದು ಸೊನ್ನೆ ಮುಟ್ಟುತ್ತದೆ. ಆಮೇಲೆ ಕಾರ್ಖಾನೆಯವರು ಬಂದು ತಮ್ಮ ಮಗುವನ್ನು ವಾಪಸ್ ಕೇಳಿದರೆ ತಾವೇನು ಮಾಡುವಿರಿ ಎಂಬುದೇ ನನ್ನ ಚಿಂತೆ. ಅದಕ್ಕೂ ಮೊದಲು, ತಮ್ಮ ಕೈಯಲ್ಲಿರುವ ಆ ದಿವ್ಯ ಯಂತ್ರವನ್ನು ಒಂದು ದಿನದ ಮಟ್ಟಿಗೆ ನಮ್ಮ ಮನೆಗೆ ಕಳಿಸಿಕೊಡಬೇಕಾಗಿ ಪ್ರಾರ್ಥನೆ. ಅತ್ತೆಯ ಮಂಡಿಯನ್ನು ಮೂವತ್ತು ವರ್ಷ ಹಿಂದಕ್ಕೆ ತಿರುಗಿಸಬೇಕಿದೆ. ನನ್ನ ಭುಜವನ್ನು ಆಷಾಢಕ್ಕಿಂತ ಒಂದು ದಿನ ಹಿಂದಕ್ಕೆ ತಂದರೂ ಸಾಕು. ನರೇಶ್ ಅವರ ತಲೆಗೂದಲಿನ ವಿಷಯ ಅವರೇ ಬೇರೆ ಅರ್ಜಿ ಬರೆಯುತ್ತಾರಂತೆ. ನಮ್ಮ ತಾಲ್ಲೂಕಿನ ರಸ್ತೆಗಳಿಗೂ ಅದನ್ನು ಹಚ್ಚಲು ಸಾಧ್ಯವೇ ತಿಳಿಸುವುದು. ಟಾರು ಹಾಕಿದ ದಿನಕ್ಕೆ ತಿರುಗಿಸಿ ಅಲ್ಲೇ ಬಿಗಿದುಬಿಟ್ಟರೆ ಜನ ತಮ್ಮ ಹೆಸರಿನಲ್ಲಿ ಸರ್ಕಲ್ ಕಟ್ಟಿಸುತ್ತಾರೆ.

ಇಷ್ಟೆಲ್ಲ ಅಸಾಧ್ಯವಾದರೆ ಸಾಧ್ಯವಾದದ್ದನ್ನು ಕೇಳುತ್ತೇನೆ. ಆ ಕಾರಿಗೆ ಏರ್‌ಬ್ಯಾಗ್ ಹಾಕಿಸಿ. ಅದು ಓಡಿದ ಅಷ್ಟೂ ಕಿಲೋಮೀಟರನ್ನು ಗಾಜಿನ ಮೇಲೆ ಬರೆಯಿರಿ. ಗುದ್ದಿಸಿಕೊಂಡ ಕಾರೆಂದು ಕೊಳ್ಳುವವರಿಗೆ ಬಾಯಿಬಿಟ್ಟು ಹೇಳಿ. ಹೇಳಿದರೂ ಕೊಳ್ಳುವವರು ಸಿಗುತ್ತಾರೆ; ಅದು ಒಳ್ಳೆಯ ಕಾರೇ, ಏಳು ವರ್ಷ ಊರಿನ ಗೂಡನ್ನೆಲ್ಲ ಹೊತ್ತು, ಒಮ್ಮೆ ಒಬ್ಬ ಮನುಷ್ಯನ ಜೀವ ಉಳಿಸಿದ ಕಾರು. ಅದರ ನಿಜವಾದ ಕಥೆ ತಾವು ಕಟ್ಟಿದ ಕಥೆಗಿಂತ ಮರ್ಯಾದೆಯದು. ಮುಚ್ಚಳದ ಒಳಗಿನ ಬರಹದ ಫೋಟೋವನ್ನೂ, ಪಿಳ್ಳಪ್ಪನವರು ಸಹಿ ಹಾಕಿಕೊಟ್ಟ ಹೇಳಿಕೆಯನ್ನೂ, ಈ ಪತ್ರದ ಪ್ರತಿಯನ್ನೂ ಸಾರಿಗೆ ಕಚೇರಿಗೂ ಗ್ರಾಹಕರ ಆಯೋಗಕ್ಕೂ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ತಮ್ಮ ಸಾಧನೆ ಅವರ ಗಮನಕ್ಕೂ ಬರಲಿ ಎಂಬ ಸದುದ್ದೇಶ ಬಿಟ್ಟರೆ ನನಗೆ ಬೇರೇನೂ ಇಲ್ಲ.

ಬಾದಾಮಿ ಹಾಲು ಬಹಳ ಚೆನ್ನಾಗಿತ್ತು. ಅದರಲ್ಲಿ ಬಾದಾಮಿ ಎಷ್ಟಿತ್ತೆಂದು ವಿಚಾರಿಸಲು ಹೋಗುವುದಿಲ್ಲ.

ಇಂತು, ತಾವಾಡಿದ ಒಂದೊಂದು ಮಾತನ್ನೂ ಬರೆದಿಟ್ಟುಕೊಳ್ಳುವಷ್ಟು
ತಮ್ಮ ವಿಶ್ವಾಸಿ,
ರೂಪ,
ಅಂಗನವಾಡಿ ಮೇಲ್ವಿಚಾರಕಿ.

ಮರೆತ ಮಾತು: ಮೊನ್ನೆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಕಂದು ಕಾರು ಸರಿಯಾಗಿ ತಮ್ಮ ಗೇಟಿನ ಎದುರು ರಸ್ತೆಯ ಅಂಚಿನಲ್ಲಿ ಕೆಟ್ಟು ನಿಂತಿತು. ಮುಂದಿನ ಸೀಟಿನಲ್ಲಿ ಅತ್ತೆ ಕಿಟಕಿ ಇಳಿಸಿಕೊಂಡು ಕುಳಿತಿದ್ದರು. ಕೈಗೂಸನ್ನು ಎತ್ತಿಕೊಂಡು ಬಿಳಿ ಕಾರು ನೋಡಲು ಬಂದಿದ್ದ ಒಂದು ಎಳೆಯ ಜೋಡಿಯನ್ನು ಹತ್ತಿರ ಕರೆದು, ಹತ್ತು ನಿಮಿಷ ಮಾತಾಡಿಸಿ, ಹಾಗೇ ಬಸ್‌ಸ್ಟ್ಯಾಂಡಿನ ದಾರಿ ತೋರಿಸಿ ಕಳಿಸಿದರು. ಹನ್ನೆರಡು ಗಂಟೆಗೆ ಕಾರು ತಾನಾಗಿಯೇ ಸ್ಟಾರ್ಟ್ ಆಯಿತು. ಶ್ರೀಧರ್ ಅವರಿಗೆ ತೋರಿಸಿದರೆ, “ಇದು ಗಾಡಿ ಕಾಯಿಲೆ ಅಲ್ಲ ಮೇಡಂ, ಇದಕ್ಕೆ ನನ್ ಹತ್ರ ಔಷಧಿ ಇಲ್ಲ” ಎನ್ನುತ್ತಾರೆ. ಇನ್ನು ಮುಂದೆ ಪ್ರತಿ ಭಾನುವಾರವೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಕೆಡುವ ಲಕ್ಷಣ ಕಾಣುತ್ತಿದೆ. ಈ ವಾರ ಪಿಳ್ಳಪ್ಪನವರೂ ತಳ್ಳಿಕೊಡಲು ಬರುತ್ತೇನೆಂದಿದ್ದಾರೆ. ತಾವು ದಯಮಾಡಿ ಅನ್ಯಥಾ ಭಾವಿಸದೆ, ಅತ್ತೆಗೆ ಬಿಸಿಲು ತಾಗದಂತೆ ಆ ಬೊಂಬೆಯನ್ನು ಒಂದಿಷ್ಟು ಈ ಕಡೆಗೆ ಸರಿಸಿ ನಿಲ್ಲಿಸಿಕೊಡಬೇಕು.